ಗಡಿಯ ಗುಂಟ ಎರಡು ಸೈಕಲ್ಲು

ಮೊನ್ನೆ ಶನಿವಾರ ಸಂಜೆ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಸೈಕಲ್ಲಿನ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದೆ. ಸೊಲ್ಯೂಶನ್ ಕೊಳವೆಯ ಮುಚ್ಚಳ ತಿರುವಿದ್ದೇ ತಡ, ಅದರ ಘಾಟು ಮೂಗಿಗೆ ಅಡರಿತು. ಒಳಗಿನಿಂದ ನನ್ನ ಹೆಂಡತಿ, "ದೀಪಾ ಹಚ್ಚೂ ಹೊತ್ತಿನ್ಯಾಗ ಎಂಥಾ ನಾತಾರಿ ಇದು!" ಎಂದಳು. ಅವಳಿಗೆ ಅದು ನಾತ. ನನಗೆ ಮಾತ್ರ ಆ ಘಾಟಿನ ಹಿಂದೆಯೇ ಒಂದು ಕಾಲುವೆಯ ದಂಡೆ, ಜಾಲಿಗಿಡದ ಚುಕ್ಕಿ ನೆರಳು, ಮೊಣಕಾಲ ಮೇಲೆ ಟ್ಯೂಬು ಹಾಸಿಕೊಂಡು "ತಡಿ, ಒಣಗಲಿ, ಅವಸರ ಯಾತರದು?" ಎನ್ನುವ ಒಬ್ಬ ಮನುಷ್ಯ ಕಾಣಿಸಿದ. ನಿಮಗೂ ಹೀಗಾಗಿರಬಹುದು. ಬೇರೆಯವರು ಮೂಗು ಮುಚ್ಚಿಕೊಳ್ಳುವ ಯಾವುದೋ ವಾಸನೆ ನಿಮ್ಮೊಬ್ಬರನ್ನೇ ಕೈಹಿಡಿದು ಹದಿನೇಳು ಹದಿನೆಂಟು ವರ್ಷ ಹಿಂದಕ್ಕೆ ಕರೆದೊಯ್ದಿರಬಹುದು.

ಆ ಮನುಷ್ಯ ಚನ್ನಬಸಪ್ಪ ಕಾಕಾ. ನನಗೆ ಅವರು ಸಂಬಂಧದಿಂದ ಕಾಕಾ ಅಲ್ಲ. ನಾನು ಮೂಡಲಗಿಯ ಸಾಲಿಗೆ ಹೊಸ ಮಾಸ್ತರನಾಗಿ ಹೋದಾಗ ಬಾಡಿಗೆಗೆ ಹಿಡಿದ ಕೋಣೆಯ ಪಕ್ಕದ ಕೋಣೆಯಲ್ಲಿ ಅವರಿದ್ದರು. ಮೈಲಿಬೇನೆ ಬಾರದಂತೆ ಹಳ್ಳಿಹಳ್ಳಿಗೆ ಹೋಗಿ ಮಕ್ಕಳ ತೋಳಿಗೆ ದೇವಿ ಹಾಕುವುದು ಅವರ ನೌಕರಿ. ಜನ ಅವರನ್ನು 'ದೇವಿ ಡಾಕ್ಟರ' ಎನ್ನುತ್ತಿದ್ದರು. ಅವರ ಸೈಕಲ್ಲಿನ ಗಂಟೆ ಕೇಳಿದರೆ ಹಳ್ಳಿಯ ಮಕ್ಕಳೆಲ್ಲ ಕಣಜದ ಹಿಂದೆ, ಬಣವೆಯ ಹಿಂದೆ ಮಾಯ. ಇಷ್ಟು ಮಕ್ಕಳನ್ನು ಅಳಿಸಿದ ಇನ್ನೊಬ್ಬ ಸಾಧುಮನುಷ್ಯನನ್ನು ನಾನು ಕಂಡಿಲ್ಲ.

ನನಗೆ ಸೈಕಲ್ಲು ಕಲಿಸಿದವರೂ ಅವರೇ. ಇಪ್ಪತ್ತನಾಲ್ಕು ವಯಸ್ಸಿನ ಮಾಸ್ತರ ಸೈಕಲ್ಲು ಕಲಿಯುವುದನ್ನು ನೋಡಲು ನನ್ನ ಸಾಲಿಯ ಅರ್ಧ ಮಕ್ಕಳು ಬಯಲಿಗೆ ಬರುತ್ತಿದ್ದರು. ಮೂರನೆಯ ದಿನ ನಾನು ಎಮ್ಮೆಯೊಂದನ್ನು ತಪ್ಪಿಸಲು ಹೋಗಿ ಸಗಣಿಯ ಗುಂಡಿಗೆ ಬಿದ್ದೆ. ಎಮ್ಮೆ ಅಲ್ಲಾಡಲಿಲ್ಲ. ಮರುದಿನ ವರ್ಗದಲ್ಲಿ ನಾನು ಎಷ್ಟೇ ಗಂಭೀರವಾಗಿ ಹಲಗೆಯ ಮೇಲೆ ಬರೆದರೂ ಹಿಂದಿನಿಂದ ಯಾರೋ 'ಅಂಬಾ' ಎನ್ನುತ್ತಿದ್ದರು.

ರವಿವಾರ ಬಂತೆಂದರೆ ನಾವಿಬ್ಬರೂ ಹೊರಡುತ್ತಿದ್ದೆವು. ಹಿಂದಿನ ಹಲಗೆಗೆ ಕಟ್ಟಿದ ಅರಿವೆಯ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎರಡು ಉಳ್ಳಾಗಡ್ಡಿ. ಒಂದು ವಾರ ಗೋಕಾಕದ ಕಡೆ. ರಜೆ ಎರಡು ದಿನ ಕೂಡಿ ಬಂದರೆ ಧುಪದಾಳದ ಒಡ್ಡಿನವರೆಗೆ, ಅಲ್ಲಿಂದ ಹುಕ್ಕೇರಿಗೆ. ಆಗಿನ ಹಾದಿಗಳನ್ನು ಈಗಿನವರಿಗೆ ಹೇಗೆ ತಿಳಿಸಲಿ? ಕಾಲುವೆಯ ದಂಡೆಯ ಮೇಲಿನ ಹಾದಿಯಲ್ಲಿ ಇಡೀ ಬೆಳಗು ಹೋದರೂ ಒಂದು ಕುರಿಹಿಂಡು, ಒಂದು ಚಕ್ಕಡಿ, ಕುದುರೆಯ ಮೇಲೆ ಕಾಲುವೆ ನೋಡಲು ಬಂದ ಒಬ್ಬ ಸಾಹೇಬ, ಇಷ್ಟೇ ಎದುರಾಗುತ್ತಿದ್ದದ್ದು. ನಮ್ಮ ಸೈಕಲ್ಲಿನ ಸರಪಳಿಯ ಸಪ್ಪಳ ನಮಗೇ ದೊಡ್ಡದೆನಿಸುತ್ತಿತ್ತು. ಬಾಜೂಕೆ ನೀರು ನಮ್ಮಷ್ಟೇ ವೇಗದಲ್ಲಿ ಬರುತ್ತಿತ್ತು. ಕಾಕಾ ಅದನ್ನು ನೋಡಿ, "ಇದಕ್ಕೇನು, ಕಾಲ ತುಳಿಯೂ ಕೆಲಸ ಇಲ್ಲ" ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು.

ಆದರೆ ಕಾಕಾನನ್ನು ಎಳೆಯುತ್ತಿದ್ದದ್ದು ನೀರಲ್ಲ, ಗಡಿ. ಮೂಡಲಗಿಯಿಂದ ಒಂದು ದಿಕ್ಕಿಗೆ ಎರಡು ಹರದಾರಿ, ಅಂದರೆ ಆರು ಮೈಲು, ಹೋದರೆ ಬ್ರಿಟಿಷರ ರಾಜ್ಯ ಮುಗಿದು ಸಂಸ್ಥಾನ ಶುರುವಾಗುತ್ತಿತ್ತು. ಸಂಸ್ಥಾನವೆಂದರೆ ರಾಜರ ಮುಲಕ, ನಮ್ಮ ಕಡೆಯದು ಖಾಲ್ಸಾ. ಆ ಗೆರೆ ನೆಟ್ಟಗೆ ಹೋಗುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಯಾರೋ ಯಾರಿಗೋ ಕೊಟ್ಟ ಇನಾಮು, ಯಾರೋ ಗೆದ್ದು ಯಾರೋ ಬಿಟ್ಟುಕೊಟ್ಟ ಊರು, ಹೀಗೆ ಎಲ್ಲವನ್ನೂ ಸುತ್ತಿ ಬಳಸಿ, ಒಂದು ಬಾವಿಯನ್ನು ಒಳಗೆ ಹಾಕಿಕೊಂಡು ಇನ್ನೊಂದನ್ನು ಹೊರಗಿಟ್ಟು ಸಾಗುತ್ತಿತ್ತು. "ಇದು ಹಿಂಗ್ಯಾಕ ಹೊಳ್ಳೇತಿ?" ಎಂಬುದೊಂದೇ ಕಾಕಾನ ಪ್ರಶ್ನೆ. ಉತ್ತರ ಸಿಕ್ಕರೆ ಲಾಭವಿಲ್ಲ, ಸಿಗದಿದ್ದರೆ ನಷ್ಟವಿಲ್ಲ. ಆದರೂ ಎರಡು ವರ್ಷ ನಾವು ಆ ಗಡಿಯ ಗುಂಟ ತಿರುಗಿ, ಒಂದೊಂದೇ ಕಲ್ಲನ್ನು ಹುಡುಕಿ, ಅವರ ಉದ್ದನೆಯ ವಹಿಯಲ್ಲಿ ಗೆರೆ ಎಳೆದೆವು.

ಆಚೆ ಏನಿರುತ್ತದೋ ಎಂದು ಮೊದಲ ಸಲ ದಾಟುವಾಗ ನನ್ನ ಎದೆ ಹೊಡೆದುಕೊಂಡಿತ್ತು. ಇದ್ದದ್ದು ಅದೇ ಜೋಳದ ಹೊಲ, ಅದೇ ಎರೆಮಣ್ಣು. ಜಕಾತಿ ಕಟ್ಟೆಯ ಕಾರಕೂನ ನಮ್ಮ ಗಂಟಿನ ಕಡೆ ಬೆರಳು ಮಾಡಿ, "ಏನೈತ್ರಿ ಅದರಾಗ?" ಎಂದ. "ರೊಟ್ಟಿ" ಎಂದರು ಕಾಕಾ. "ಚಟ್ನಿ ಯಾತರದು?" "ಶೇಂಗಾದ್ದು." "ಹಂಗಾರ ಇಳೀರಿ, ತಪಾಸ ಮಾಡಬೇಕು" ಎಂದು ನಮ್ಮೊಡನೆ ಕೂತು ಉಂಡೇ ಕಳಿಸಿದ. ಇನ್ನೊಂದು ಊರಿನಲ್ಲಿ ಮುದುಕಿಯೊಬ್ಬಳ ಮನೆಯ ನಡುವೆಯೇ ಗಡಿ ಹಾದಿತ್ತು. ಅವಳ ಒಲೆ ಖಾಲ್ಸಾದಲ್ಲಿ, ಹೊರಸು ಸಂಸ್ಥಾನದಲ್ಲಿ. "ಸೊಸಿ ಕೂಡ ಜಗಳಾದ್ರ ನಾ ಬ್ಯಾರೆ ರಾಜ್ಯಕ್ಕ ಹೋಗಿ ಮಲಗತೇನಿ ನೋಡ್ರಿ" ಎಂದು ಅವಳು ನಕ್ಕಳು. ಕಾಕಾ ಅದನ್ನೂ ವಹಿಯಲ್ಲಿ ಬರೆದುಕೊಂಡರು.

ಕಲ್ಲುಗಳ ವಿಷಯದಲ್ಲಿ ನನಗೂ ಕಣ್ಣು ಪಳಗಿತು. ಗಡಿಕಲ್ಲು ಎದೆಯುದ್ದ, ಕೆತ್ತಿದ್ದು, ಎರಡು ಮುಖಕ್ಕೂ ಗುರುತು ಇರುತ್ತಿತ್ತು, ಆ ರಾಜ್ಯದ್ದು ಆ ಕಡೆ, ಈ ರಾಜ್ಯದ್ದು ಈ ಕಡೆ. ಹೊಲ ಅಳೆದು ನೆಟ್ಟ ಬಾಂದಗಲ್ಲು ಬೇರೆ. ಅದು ಮೊಣಕಾಲುದ್ದ, ಒರಟು, ನೆತ್ತಿಯ ಮೇಲೆ ಮಾತ್ರ ಒಂದು ಗೀರು. ಇದನ್ನು ತಿಳಿದುಕೊಂಡ ದಿನ ನಾನು ದೊಡ್ಡ ಪಂಡಿತನಾದೆನೆಂದು ಬೀಗಿದ್ದೆ. ಈ ಭಾಗದಲ್ಲಿ ಇದು ಗೊತ್ತಿರುವವರು ನಾವಿಬ್ಬರೇ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು.

ಎರಡನೆಯ ವರ್ಷದ ಬೇಸಿಗೆಯ ಒಂದು ರವಿವಾರ ಬೆಳಿಗ್ಗೆ ಗಡಿಯ ಹಳ್ಳ ದಾಟಿ ಮೇಲೆ ಹತ್ತಿದಾಗ ಮುಂದಿನ ಮಾವಿನ ತೋಪಿನಲ್ಲಿ ಹಂದರ ಕಂಡಿತು. ಹತ್ತು ಹನ್ನೆರಡು ಚಕ್ಕಡಿ ಎತ್ತು ಬಿಚ್ಚಿ ನಿಂತಿದ್ದವು. ದೊಡ್ಡ ಹಂಡೆಯಲ್ಲಿ ಬೇಳೆ ಕುದಿಯುತ್ತಿತ್ತು. ಊರಿಲ್ಲ, ಗುಡಿಯಿಲ್ಲ, ಬಯಲಿನಲ್ಲಿ ಎಂಥ ಲಗ್ನ ಎಂದು ನಾವು ಸೈಕಲ್ಲು ತಳ್ಳುತ್ತ ಒಳಗೆ ಹೋದೆವು. ಅಲ್ಲಿ ಹಳದಿ ಸೀರೆ ಸುತ್ತಿಕೊಂಡು, ಬಾಸಿಂಗದ ಭಾರಕ್ಕೆ ಕುತ್ತಿಗೆ ವಾಲಿಸಿ ಕೂತಿದ್ದವಳು ನನ್ನ ನಾಲ್ಕನೆಯ ಇಯತ್ತೆಯ ನೀಲವ್ವ. ಶುಕ್ರವಾರ ನನಗೆ ಪಾಠ ಒಪ್ಪಿಸಿದ್ದಳು. ನನ್ನನ್ನು ಕಂಡದ್ದೇ ಎದ್ದು ನಿಂತು, "ನಮಸ್ಕಾರ್ರಿ ಮಾಸ್ತರ" ಎಂದಳು. ಪಕ್ಕದ ಹೆಂಗಸು ಅವಳ ಭುಜ ಒತ್ತಿ ಕೂರಿಸಿದಳು.

ಹದಿನಾಲ್ಕು ತುಂಬದ ಹೆಣ್ಣುಮಗಳ ಲಗ್ನ ಮಾಡಬಾರದೆಂದು ಖಾಲ್ಸಾದಲ್ಲಿ ಆಗಷ್ಟೇ ಕಾಯಿದೆ ಬಂದಿತ್ತು. ಹಾಗೆ ಮಾಡಿದವರಿಗೂ ಮಾಡಿಸಿದವರಿಗೂ ಶಿಕ್ಷೆ. ಅದಕ್ಕೇ ಜನ ಗಡಿ ದಾಟಿ ಹೋಗಿ ಅಕ್ಕಿಕಾಳು ಹಾಕಿಸಿಕೊಂಡು ಬರುತ್ತಿದ್ದರು. ಇದೆಲ್ಲ ಕೇಳಿ ಗೊತ್ತಿತ್ತು, ಕಣ್ಣಾರೆ ಕಂಡದ್ದು ಅವತ್ತೇ.

ನೀಲವ್ವನ ಅಪ್ಪ ಮಲ್ಲಪ್ಪ ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಳ್ಳುತ್ತ ಬಂದ. ಮೂಡಲಗಿಯಲ್ಲಿ ನಮ್ಮ ಸಾಲಿಯ ಪಕ್ಕದ ಓಣಿಯವನು. ಒಕ್ಕಲುತನದವನು, ಹೆಚ್ಚು ಮಾತಿಲ್ಲದವನು.

"ಎಷ್ಟು ವರ್ಷ ಆದ್ವೋ ಮಲ್ಲಪ್ಪಾ, ಮಗಳಿಗೆ?" ಎಂದರು ಕಾಕಾ.

"ಹದಿನಾಲ್ಕರ ಹತ್ತರ ಬಂತು ಅನ್ರಿ ಡಾಕ್ಟರ."

"ಆಕಿ ತೋಳಿಗೆ ದೇವಿ ಹಾಕಿದಾಂವ ನಾನು. ನಿನ್ನ ಹೇಣ್ತಿ ತೊಡಿ ಮ್ಯಾಲ ಹಾಕ್ಕೊಂಡು ಹಿಡಿದಿದ್ಲು. ಹತ್ತು ತುಂಬಿ ಎರಡು ತಿಂಗಳಾಗಿಲ್ಲ."

ವರನ ಕಡೆಯ ಹಿರಿಯನೊಬ್ಬ ಮುಂದೆ ಬಂದ. ಅವರು ಆರು ಹರದಾರಿ ದೂರದ ಖಾಲ್ಸಾ ಊರಿನಿಂದ ಬಂದ, ಹೊಲದ ಕೆಲಸ ಆಳುಗಳಿಗೆ ಬಿಟ್ಟ ಅನುಕೂಲಸ್ಥರು. "ನಿಮ್ಮ ಕಾಯಿದೆ ಹಳ್ಳದ ಆಚೀಕ ಬಿಟ್ಟು ಬಂದೇವ್ರಿ. ಇದು ಸಂಸ್ಥಾನದ ಮುಲಕ. ಊಟಾ ಮಾಡಿ ಹೋಗ್ರಿ" ಎಂದ.

ಕಾಕಾ ರುಮಾಲು ತೆಗೆದು ನಿಧಾನವಾಗಿ ಮುಖ ಒರೆಸಿಕೊಂಡರು. ಆಮೇಲೆ, "ಹಳ್ಳ ಗಡಿ ಅಂತ ಯಾರ ಹೇಳಿದ್ರು ನಿಮಗ?" ಎಂದರು. "ಇಲ್ಲಿ ಗಡಿ ಹಳ್ಳ ಬಿಟ್ಟು ಒಳಗ ಹೊಳ್ಳೇತಿ. ಈ ತೋಪು ಖಾಲ್ಸಾದಾಗ ಬರತೈತಿ. ಎರಡು ವರ್ಷ ಇದನ್ನ ಬರಕೊಂಡ ತಿರಗೇನಿ. ಬರ್ರಿ, ಕಲ್ಲು ತೋರಸ್ತೇನಿ."

ವರನ ಹಿರಿಯ, ಲಗ್ನ ಮಾಡಿಸಲು ಬಂದಿದ್ದ ಐನೋರು, ಮಲ್ಲಪ್ಪ, ನಾಲ್ಕಾರು ಜನ ಬಂಧುಗಳು, ಎಲ್ಲರೂ ತೋಪಿನ ಹಿಂದಕ್ಕೆ ನಡೆದರು. ಅಲ್ಲಿ ಹೊಲದ ಬದುವಿನಲ್ಲಿ ಒಂದು ಕಲ್ಲಿತ್ತು. ಕಾಕಾ ಅದರ ಮೇಲೆ ಕೈಯಿಟ್ಟು, "ಇದ ಗಡಿಕಲ್ಲು" ಎಂದರು.

ಕಲ್ಲು ಮೊಣಕಾಲುದ್ದವಿತ್ತು. ಒರಟಾಗಿತ್ತು. ನೆತ್ತಿಯ ಮೇಲೆ ಒಂದೇ ಗೀರು.

ಎರಡು ವರ್ಷ, 'ಇದ್ದದ್ದು ಇದ್ದಂಗ ಬರೀಬೇಕು' ಎಂದು ನನಗೆ ಹೇಳಿಕೊಟ್ಟ ಮನುಷ್ಯ ಇವರು. ವರನ ಹಿರಿಯ ಕಲ್ಲಿನ ಸುತ್ತ ತಿರುಗಿ ಅನುಮಾನದಿಂದ ನೋಡಿದ. ಆಗ ಮಲ್ಲಪ್ಪ ಎಲ್ಲರಿಗೂ ಕೇಳುವಂತೆ ನನ್ನ ಕಡೆ ತಿರುಗಿದ.

"ಮಾಸ್ತರ, ನೀವು ನಮ್ಮ ಮಕ್ಕಳಿಗೆ ಕಲಿಸವ್ರು. ನಿಮ್ಮ ಬಾಯಾಗ ಸುಳ್ಳ ಬರೂದಿಲ್ಲ. ನೀವ ಹೇಳ್ರಿ, ಇದು ಗಡಿಕಲ್ಲ ಹೌದೋ ಅಲ್ಲೋ?"

ಸುಳ್ಳು ಹೇಳಿದ್ದಕ್ಕೆ ಹಿಂದಿನ ವಾರವೇ ನಾನು ಒಬ್ಬನ ಅಂಗೈಗೆ ಎರಡು ಛಡಿ ಕೊಟ್ಟಿದ್ದೆ. ತೋಪಿನ ಕಡೆಯಿಂದ ವಾದ್ಯದವರು ಡೊಳ್ಳಿನ ಹದ ನೋಡುವ ಸಪ್ಪಳ ಬರುತ್ತಿತ್ತು. ಕಾಕಾ ನನ್ನ ಕಡೆ ನೋಡಲೇ ಇಲ್ಲ, ಆಕಾಶ ನೋಡುತ್ತಿದ್ದರು.

"ಹೌದು" ಎಂದೆ. ಎಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಎಂದೆ. "ಹೌದ್ರಿ. ಗಡಿಕಲ್ಲು."

ಮೊದಲು ಹಿಂದೆ ಸರಿದವರು ಐನೋರು. "ಮಂತ್ರ ಹೇಳಿದವನ್ನೂ ಹಿಡದ ಒಯ್ತಾರಂತಪಾ. ನನಗ ಬ್ಯಾಡ" ಎಂದು ತಮ್ಮ ಜೋಳಿಗೆ ಎತ್ತಿಕೊಂಡರು. ಅರ್ಧ ಮೈಲು ಮುಂದೆ ಹೋಗಿ ಮಾಡೋಣವೆಂದು ಯಾರೋ ಎಂದರು. ಅದಕ್ಕೆ ವರನ ಹಿರಿಯ ಸಿಡಿದೆದ್ದ. "ಬಾಸಿಂಗ ಕಟ್ಟಿದ ವರನ್ನ ಎಬ್ಬಿಸಿಕೊಂಡು ಹೊಲಾ ಹೊಲಾ ತಿರಗೂಣೇನು? ಇದು ನಿಮ್ಮ ಊರ ಬಾಜೂ ಐತಿ. ಗಡಿ ಎಲ್ಲಿ ಅನ್ನೂದು ನೋಡಾಕ ಆಗಲಿಲ್ಲೇನ ನಿಮಗ?" ಮಲ್ಲಪ್ಪ ತಲೆ ತಗ್ಗಿಸಿ ಬೈಗಳೆಲ್ಲ ಕೇಳಿಸಿಕೊಂಡ. ಅವನ ಬಂಧುಗಳಲ್ಲಿ ಒಬ್ಬನೂ ಬಾಯಿ ತೆರೆಯಲಿಲ್ಲ. ಅದು ಕಾಕಾನ ವಾಕ್ಚಾತುರ್ಯದ ಪ್ರಭಾವ ಎಂದುಕೊಂಡೆ. ಮಾತು ಮಾತಿಗೆ ಬೆಳೆದು ಅಕ್ಕಿಕಾಳಿನ ಹೊತ್ತು ಮೀರಿತು. ವರನ ಕಡೆಯವರು ಎತ್ತು ಹೂಡಿಕೊಂಡು ಹೊರಟುಹೋದರು.

ತಿರುಗಿ ಬರುವಾಗ ಹಳ್ಳದ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಾಗ ಕೇಳಿದೆ. "ಕಾಕಾ, ಅದು ಬಾಂದಗಲ್ಲು ಅಲ್ಲೇನ್ರಿ?"

"ಗೊತ್ತಿದ್ದೂ ನೀ ಯಾಕ ಹೌದು ಅಂದಿ?" ಎಂದರು.

ಕೋಣೆಗೆ ಬಂದ ಮೇಲೆ ಗಡಿಯ ಗೆರೆಯನ್ನು ಅವರು ವಹಿಯಲ್ಲಿ ತಿದ್ದಲಿಲ್ಲ. ಅದು ಹಳ್ಳದ ಗುಂಟವೇ ಹೋಗಿತ್ತು, ಹಾಗೇ ಇತ್ತು. ಆ ದಿನದ ಹಾಳೆಯನ್ನು ಮಾತ್ರ ಖಾಲಿ ಬಿಟ್ಟರು.

ಮರುದಿನದಿಂದ ನೀಲವ್ವ ಸಾಲಿಗೆ ಬರಲಿಲ್ಲ. ನಾನು ಮನೆಗೆ ಹೋದರೆ ಮಲ್ಲಪ್ಪ ಕಟ್ಟೆಯಿಂದ ಎದ್ದು ಒಳಗೆ ಹೋಗಿ ಕದ ಮುಂದೆ ಮಾಡಿದ. ಸಂತೆಯಲ್ಲಿ ಎದುರಾದರೆ ಮುಖ ತಿರುವಿದ. ನಂಬಿ ಕೇಳಿದವನಿಗೆ ನಂಬಿಕೆಯ ಮಾತಿನಲ್ಲೇ ಸುಳ್ಳು ಹೇಳಿ ಹತ್ತು ಜನರ ಮುಂದೆ ಅವನ ಮಾನ ಕಳೆದೆನಲ್ಲ, ಹುಡುಗಿಯ ಸಾಲಿಯೂ ಹೋಯಿತಲ್ಲ ಎಂದು ಎಷ್ಟೋ ದಿನ ಊಟ ಸೇರಲಿಲ್ಲ. ವರ್ಷದೊಳಗೆ ನನಗೆ ಹುಕ್ಕೇರಿಗೆ ವರ್ಗವಾಯಿತು, ಆಮೇಲೆ ಗೋಕಾಕಕ್ಕೆ. ಕಾಕಾ ಪೆನ್ಶನ್ ಆಗಿ ತಮ್ಮ ಊರು ಮಮದಾಪುರಕ್ಕೆ ಹೋಗಿ ಅಲ್ಲಿಯೇ ತೀರಿಕೊಂಡರು. ನಾನು ಈ ಕಥೆಯನ್ನು ಬೇಕಾದಷ್ಟು ಜನಕ್ಕೆ ಹೇಳಿದ್ದೇನೆ. ಮದುವೆ ನಿಂತಲ್ಲಿಗೆ ಮುಗಿಸಿಬಿಡುತ್ತಿದ್ದೆ. ಕೇಳಿದವರು ಶಾಭಾಸ್ ಎನ್ನುತ್ತಿದ್ದರು.

ಈಗ ಸಂಸ್ಥಾನಗಳೆಲ್ಲ ವಿಲೀನವಾಗಿವೆ. ಕಳೆದ ದೀಪಾವಳಿಯ ಹಿಂದೆಮುಂದೆ ಪರೀಕ್ಷೆಯ ಕೆಲಸಕ್ಕೆ ಮೂಡಲಗಿಗೆ ಹೋಗಿದ್ದೆ. ಮುಗಿಸಿಕೊಂಡು, ಏನಾದರಾಗಲಿ ಎಂದು ಮಲ್ಲಪ್ಪನ ಓಣಿಗೆ ಸೈಕಲ್ಲು ತಿರುಗಿಸಿದೆ. ಅಂಗಳದಲ್ಲಿ ಶೇಂಗಾ ಹರವುತ್ತಿದ್ದ ಹೆಣ್ಣುಮಗಳು ತಲೆಯೆತ್ತಿ, ಸೆರಗು ಸರಿಪಡಿಸಿಕೊಂಡು, "ಮಾಸ್ತರ ಅಲ್ಲೇನ್ರಿ? ಬರ್ರಿ, ಒಳಗ ಬರ್ರಿ" ಎಂದಳು. ನೀಲವ್ವ. ಹದಿನೈದಕ್ಕೆ ಅವಳ ಲಗ್ನವಾಗಿತ್ತು. ಮಲ್ಲಪ್ಪನಿಗೆ ಗಂಡುಮಕ್ಕಳಿಲ್ಲ. ಅಳಿಯನನ್ನು ಮನೆಗೇ ತಂದುಕೊಂಡಿದ್ದ. ಎರಡು ಮಕ್ಕಳಿದ್ದವು. ಮಲ್ಲಪ್ಪ ಕಟ್ಟೆಯ ತುದಿಯಲ್ಲಿ ಕೂತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಮುದುಕನಾಗಿದ್ದ. ನನ್ನನ್ನು ನೋಡಿದ, ಎದ್ದು ಒಳಗೆ ಹೋಗಲಿಲ್ಲ.

ಚಹಾ ಕೊಟ್ಟ ಮೇಲೆ ನೀಲವ್ವನೇ ಆ ಮಾತು ತೆಗೆದಳು. "ಅವತ್ತ ನನಗ ನಿಮ್ಮ ಮ್ಯಾಲ ಭಾಳ ಸಿಟ್ಟ ಬಂದಿತ್ತರಿ. ಹೊಸಾ ಸೀರಿ, ಅರ್ಧಾ ದಿನಾ ಉಡಲಿಲ್ಲ, ಬಿಚ್ಚಿಸಿಬಿಟ್ರು."

"ಈಗ?"

ಅವಳು ಶೇಂಗಾದಲ್ಲಿ ಕೈಯಾಡಿಸಿದಳು. "ಆ ವರ ಕೆಟ್ಟಾಂವೇನಲ್ಲರಿ. ಸಂತ್ಯಾಗ ನೋಡೇನಿ, ಚಲೋ ಮನಷ್ಯಾ. ಆದ್ರ ನನ್ನ ಲಗ್ನ ಆದ ಮರುವರ್ಷ ನಮ್ಮವ್ವ ಹ್ವಾದ್ಲು. ಅವತ್ತ ಆಗಿದ್ರ, ಹತ್ತು ವರ್ಷದಾಕಿ ಅಷ್ಟು ದೂರ ಹೋಗತಿದ್ದೆ. ಐದು ವರ್ಷ ಹೆಚ್ಚಿಗಿ ಅವ್ವನ ಬಾಜೂಕ ಮಲಗೇನಿ. ಅಷ್ಟ."

ಅವಳ ಕಣ್ಣೆದುರಿಗೆ ಇನ್ನು ಅದನ್ನು ಮುಚ್ಚಿಟ್ಟುಕೊಂಡು ಕೂರುವುದು ನನ್ನಿಂದಾಗಲಿಲ್ಲ. ಮಲ್ಲಪ್ಪನ ಕಡೆ ತಿರುಗಿ, "ಮಲ್ಲಪ್ಪಾ, ಅದು ಗಡಿಕಲ್ಲು ಆಗಿರಲಿಲ್ಲ. ಬಾಂದಗಲ್ಲು. ಗೊತ್ತಿದ್ದೂ ನಾನು ಸುಳ್ಳು ಹೇಳಿದೆ" ಎಂದೆ.

ಅವನು ಹೊಸೆಯುವ ಕೈ ನಿಲ್ಲಿಸಲಿಲ್ಲ. "ಹುಟ್ಟಿದಾಗಿಂದ ಬಾಂದಗಲ್ಲಿಗೆ ಎತ್ತು ಕಟ್ಟಿದಾಂವ ನಾನು. ಅಷ್ಟು ಗೊತ್ತಾಗೂದಿಲ್ಲೇನ್ರಿ ಮಾಸ್ತರ?"

ನಾನು ಲೋಟ ಕೆಳಗಿಟ್ಟೆ. "ಮತ್ತ ನನ್ನ ಯಾಕ ಕೇಳಿದಿ?"

"ಮಾತ ಕೊಟ್ಟ ಮ್ಯಾಲ ನಾ ಒಲ್ಲೆ ಅನ್ನಾಕ ಬರತಿದ್ದಿಲ್ಲ. ಆಕಿ ಅವ್ವ ಈ ಲಗ್ನ ಬ್ಯಾಡ ಅಂತ ಮೂರು ದಿನ ಊಟಾ ಬಿಟ್ಟಿದ್ಲು. ಡಾಕ್ಟರ ಆ ಕಲ್ಲಿನ ಮ್ಯಾಲ ಕೈ ಇಟ್ಟ ಕೂಡ್ಲೆ ಜೀವಕ್ಕ ಜೀವ ಬಂತು. ಆದ್ರ ಬೀಗರು ನಂಬಬೇಕಲ್ಲ? ಸಾಲಿ ಮಾಸ್ತರ ಹೂಂ ಅಂದ್ರ ಯಾರೂ ಎದುರಾಡೂದಿಲ್ಲ. ಅದಕ್ಕ ಕೇಳಿದೆ."

ಎರಡು ವರ್ಷ ಗಡಿ ಅಲೆದು ಪಂಡಿತರಾದ ನಾವಿಬ್ಬರು ಅವತ್ತು ಒಬ್ಬ ಒಕ್ಕಲಿಗನನ್ನು ಮೋಸಗೊಳಿಸಿದೆವೆಂದು ತಿಳಿದಿದ್ದೆವು. ಅವನೂ ಗೊತ್ತಿದ್ದೇ ಕೇಳಿದ್ದ, ಅವನ ಬಂಧುಗಳೂ ಗೊತ್ತಿದ್ದೇ ಬಾಯಿ ಮುಚ್ಚಿಕೊಂಡಿದ್ದರು. ನನಗೆ ನಗು ಬಂತು. ಜೋರಾಗಿಯೇ ನಕ್ಕೆ. ಮಲ್ಲಪ್ಪನೂ ಬೊಚ್ಚುಬಾಯಿ ತೆರೆದು ನಕ್ಕ.

ನೀಲವ್ವ ನಗಲಿಲ್ಲ. ಅವಳಿಗೆ ಇದು ಅವತ್ತೇ ಗೊತ್ತಾದದ್ದು. ಕೈಯಲ್ಲಿದ್ದ ಶೇಂಗಾ ಕೆಳಗೆ ಬಿಟ್ಟು ಅಪ್ಪನ ಕಡೆ ನೋಡಿದಳು.

"ಹಂಗಾರ ನನ್ನ ಸಾಲಿ ಯಾಕ ಬಿಡಿಸಿದೆಪಾ?"

ಮಲ್ಲಪ್ಪನ ಕೈ ನಿಂತಿತು. "ಬೀಗರ ಕಣ್ಣಾಗ ನಾ ಮಾಸ್ತರ ಮ್ಯಾಲ ಸಿಟ್ಟಾಗಿರಬೇಕಿತ್ತವ್ವಾ."

"ಅವರು ಆರು ಹರದಾರಿ ದೂರ ಇದ್ರು. ಸಾಲಿ ನಮ್ಮ ಮನಿ ಹಿಂದ ಇತ್ತು."

ಆ ಮಾತು ನನಗೂ ಸಲ್ಲುತ್ತಿತ್ತು. ಒಂದು ಸಲ ಕದ ಮುಚ್ಚಿದ್ದನ್ನು ಕಂಡು ಎರಡನೆಯ ಸಲ ಆ ಕದ ಬಡಿಯದವನು ನಾನು. ನೀಲವ್ವ ಲೋಟ ಎತ್ತಿಕೊಳ್ಳುತ್ತ, ಯಾರ ಕಡೆಗೂ ನೋಡದೆ ಕೇಳಿದಳು. "ನಾಲ್ಕನೇ ಇಯತ್ತೆ ಪುಸ್ತಕ ಈಗೂ ಸಿಗತೈತೇನ್ರಿ ಮಾಸ್ತರ?"

"ಸಿಗತೈತಿ. ಮಗಳಿಗೇನು?"

"ಮಗಳಿಗೆ ಅದು ಇನ್ನೂ ಎರಡು ವರ್ಷ ಐತ್ರಿ" ಎಂದಳು.

ಈಗ ತಿಂಗಳಿಗೆ ಎರಡು ರವಿವಾರ ಗೋಕಾಕದಿಂದ ಮೂಡಲಗಿಗೆ ಹೋಗುತ್ತೇನೆ. ಹಾದಿಯಲ್ಲಿ ಒಂದೆರಡು ಮೋಟರು ಬರುತ್ತವೆ, ಬದಿಗಿಳಿದು ನಿಂತು ಧೂಳು ಕುಡಿದು ಮುಂದೆ ಸಾಗುತ್ತೇನೆ. ಆ ಕಥೆ ಹೇಳುವುದನ್ನು ಬಿಟ್ಟಿದ್ದೇನೆ. ಹೇಳಿದರೂ ಮೊದಲಿನ ಹಾಗೆ ಮದುವೆ ನಿಂತಲ್ಲಿಗೆ ಮುಗಿಸಲು ಬರುವುದಿಲ್ಲ. ನಾವು ಒಂಬತ್ತನೆಯ ಪಾಠಕ್ಕೆ ಬಂದಿದ್ದೇವೆ. ನೀಲವ್ವ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾಳೆ. ಮಲ್ಲಪ್ಪ ಕಟ್ಟೆಯ ಆ ತುದಿಯಲ್ಲಿ ನಮಗೆ ಬೆನ್ನು ಮಾಡಿ, ಕೇಳಿಸಿಕೊಳ್ಳುತ್ತಿಲ್ಲವೆಂಬಂತೆ ಹಗ್ಗ ಹೊಸೆಯುತ್ತಾನೆ. ಒತ್ತಕ್ಷರ ಬಂದಲ್ಲಿ ಅವಳು ತಡವರಿಸಿದರೆ ಅವನ ಕೈ ತಡೆಯುತ್ತದೆ. ಅವಳು ಆ ಅಕ್ಷರ ದಾಟಿದ ಮೇಲೆಯೇ ಅವನು ಮತ್ತೆ ಹೊಸೆಯತೊಡಗುತ್ತಾನೆ.